ಗೀಳು, ನೂಲು, ಉಡುಗೆ

ಇಂಗ್ಲಿಷಿನಲ್ಲಿ ‘ಗೀಕ್’ ಎಂಬುದೊಂದು ಮಾತಿದೆ. ಉತ್ತರ ಜರ್ಮನಿಯ ಆಡುನುಡಿಗಳಲ್ಲಿ ಪೆದ್ದ ಎಂಬರ್ಥವಿದ್ದ ಪದದ ವಂಶಕ್ಕೆ ಸೇರಿದ್ದು ಇದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ಕತ್ತನ್ನು ಕಚ್ಚಿ ಜನರನ್ನು ಬೆಚ್ಚಿಬೀಳಿಸುತ್ತಿದ್ದವನಿಗೆ ಈ ಹೆಸರಿತ್ತು. ಅಲ್ಲಿಂದ ಹೊರಟ ಆ ಪದ ಇಂದು, ಗಣಿತವನ್ನೋ ಕಂಪ್ಯೂಟರನ್ನೋ ವಿಜ್ಞಾನದ ಕಟ್ಟುಕಥೆಗಳನ್ನೋ ಹಗಲಿರುಳೂ ಧ್ಯಾನಿಸುವವರು ತಮಗೆ ತಾವೇ ಇಟ್ಟುಕೊಳ್ಳುವ ಹೆಮ್ಮೆಯ ಬಿರುದಾಗಿದೆ. ಬೈಗುಳ ಬಿರುದಾಗುವುದು ಭಾಷೆಯ ಚರಿತ್ರೆಯಲ್ಲಿ ಹೊಸತೇನಲ್ಲ. ಕನ್ನಡದಲ್ಲಿ ಇದಕ್ಕೆ ಸಮನಾದ ಪದವನ್ನು ಹುಡುಕಿಕೊಂಡು ಬಹುದೂರ ಹೋಗಬೇಕಾಗಿಯೂ ಇಲ್ಲ. ‘ಗೀಳು’ ಎಂಬ ಮಾತು ನಮ್ಮಲ್ಲಿದೆ. ಗೀಕಿಗೂ ಗೀಳಿಗೂ ಭಾಷಾಶಾಸ್ತ್ರದ ನಂಟಿಲ್ಲ. ಆದರೂ ಕಿವಿಗೆ ಹತ್ತಿರವಾದುದು ಅರ್ಥಕ್ಕೂ ಹತ್ತಿರವಾಗಿ ಒದಗಿಬಂದಿದೆ.

ಇಂಥ ಗೀಳು ಹಿಡಿದವರು ತಮ್ಮ ಪ್ರೀತಿಯ ವಿಷಯವನ್ನು ತಮ್ಮ ಕೈಯಿಂದಲೇ ಹೆಣೆದು, ಹೊಲಿದು, ಮೈಮೇಲೆ ಧರಿಸಿ ಓಡಾಡುವ ರೂಢಿಯೊಂದಿದೆ. ಇದನ್ನು ಹುಡುಗಾಟವೆಂದು ತಳ್ಳಿಹಾಕುವವರುಂಟು. ನನಗೆ ಹಾಗೆ ತೋರುವುದಿಲ್ಲ. ಕೊಂಡು ತೊಟ್ಟ ವಸ್ತು ನಮ್ಮನ್ನು ಗಿರಾಕಿಗಳನ್ನಾಗಿ ಮಾಡುತ್ತದೆ. ಮಾಡಿ ತೊಟ್ಟ ವಸ್ತು ನಮ್ಮನ್ನು ಬಲ್ಲವರನ್ನಾಗಿ ಮಾಡುತ್ತದೆ. ಈ ಒಂದು ಮಾತನ್ನು ಕೆಲವು ನಿದರ್ಶನಗಳ ಮೂಲಕ ತಮ್ಮ ಮುಂದಿಡುವುದು ನನ್ನ ಉದ್ದೇಶ.

ಮೊದಲಿಗೆ ಒಂದು ಮಫ್ಲರಿನ ಕಥೆ. ಬ್ರಿಟನ್ನಿನ ಬಿಬಿಸಿ ಸಂಸ್ಥೆಯು 1963ರಲ್ಲಿ ‘ಡಾಕ್ಟರ್ ಹೂ’ ಎಂಬ ದೂರದರ್ಶನ ಧಾರಾವಾಹಿಯನ್ನು ಪ್ರಾರಂಭಿಸಿತು. ಕಾಲದಿಂದ ಕಾಲಕ್ಕೆ, ಲೋಕದಿಂದ ಲೋಕಕ್ಕೆ ಸಂಚರಿಸುವ ಒಬ್ಬ ವಿಚಿತ್ರ ಪುರುಷನೇ ಅದರ ನಾಯಕ. 1974ರಲ್ಲಿ ಟಾಮ್ ಬೇಕರ್ ಎಂಬ ನಟ ಆ ಪಾತ್ರಕ್ಕೆ ಬಂದಾಗ, ವಸ್ತ್ರವಿನ್ಯಾಸಕ ಜೇಮ್ಸ್ ಅಚೆಸನ್ ಅವನಿಗೊಂದು ಮಫ್ಲರ್ ಇರಲೆಂದು ಬಗೆದು, ಬಿಗೋನಿಯ ಪೋಪ್ ಎಂಬ ಹೆಣಿಗೆಗಾರ್ತಿಗೆ ಬಣ್ಣಬಣ್ಣದ ಉಲ್ಲನ್ನನ್ನು ಒಪ್ಪಿಸಿದ. ಎಷ್ಟು ಬೇಕೆಂದು ಹೇಳಿರಲಿಲ್ಲ. ಆಕೆ ಕೊಟ್ಟ ಉಲ್ಲನ್ನನ್ನೆಲ್ಲ ಹೆಣೆದೇಬಿಟ್ಟಳು! ಕೊರಳಿಗೆ ಸುತ್ತಿದ ಮೇಲೂ ನೆಲಕ್ಕಿಳಿಯುವ ಆ ಅಗಾಧ ಮಫ್ಲರನ್ನು ಕಂಡು ಎಲ್ಲರೂ ನಕ್ಕರು. ನಕ್ಕು, ಅದನ್ನೇ ಇರಿಸಿಕೊಂಡರು. ಆ ನಾಯಕನ ಗುರುತೇ ಅದಾಯಿತು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯವಾದುದು. ಧಾರಾವಾಹಿಯನ್ನು ಮೆಚ್ಚಿದವರು ಮನೆಮನೆಗಳಲ್ಲಿ ಸೂಜಿ ಹಿಡಿದು ಕುಳಿತರು. ಯಾವ ಬಣ್ಣ ಎಷ್ಟು ಸಾಲು, ಯಾವುದರ ಬಳಿಕ ಯಾವುದು ಎಂಬ ಲೆಕ್ಕ ಕೈಯಿಂದ ಕೈಗೆ ಹೋಯಿತು. ಧಾರಾವಾಹಿಯ ಬೇರೆ ಬೇರೆ ವರ್ಷಗಳಲ್ಲಿ ಮಫ್ಲರಿನ ಪಟ್ಟೆಗಳು ಹೇಗೆ ಬದಲಾದವೆಂಬುದನ್ನು, ನಮ್ಮ ವಿದ್ವಾಂಸರು ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸುವಂತೆ, ಒಂದೊಂದಾಗಿ ಗುರುತಿಸಿ ಇಟ್ಟರು. ಗ್ರಂಥಸಂಪಾದನೆಯ ಪಾಠ ಹೇಳುತ್ತಿದ್ದ ನನಗೆ ಇದು ಬಹಳ ಹಿಡಿಸಿತು. ಬರಿದೆ ನೋಡುವವನು ಮಫ್ಲರನ್ನು ಕಾಣುತ್ತಾನೆ; ಹೆಣೆಯುವವನು ಅದರ ಸಾಲುಗಳನ್ನು ಎಣಿಸಬೇಕಾಗುತ್ತದೆ. ಎಣಿಕೆಯಿಂದಲೇ ವಿದ್ವತ್ತು ಮೊದಲಾಗುತ್ತದೆ.

ಇದು ಕಥೆಯ ಗೀಳಾಯಿತು. ಗಣಿತದ ಗೀಳಿನಲ್ಲಿ ಕೈಯ ಪಾತ್ರ ಇನ್ನೂ ಹಿರಿದು. ಒಂದು ಸರಳರೇಖೆ, ಅದರ ಹೊರಗೊಂದು ಬಿಂದು. ಆ ಬಿಂದುವಿನ ಮೂಲಕ ಮೊದಲಿನ ರೇಖೆಗೆ ಸಮಾಂತರವಾಗಿ ಒಂದೇ ಒಂದು ರೇಖೆಯನ್ನು ಎಳೆಯಲು ಸಾಧ್ಯ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ರಷ್ಯದ ಲೊಬಚೆವ್‌ಸ್ಕಿ ಮತ್ತು ಹಂಗೆರಿಯ ಬೊಯಾಯ್ ಎಂಬಿಬ್ಬರು, ಅಂಥ ರೇಖೆಗಳು ಅನೇಕವಿರುವ ಬೇರೊಂದು ಜ್ಯಾಮಿತಿಯೂ ಇರಬಹುದೆಂದು ಸಾಧಿಸಿದರು. ತರ್ಕಕ್ಕೆ ಒಪ್ಪಿತು, ಕಣ್ಣಿಗೆ ಒಪ್ಪಲಿಲ್ಲ. ಅಂಥ ಮೇಲ್ಮೈ ಹೇಗಿದ್ದೀತೆಂದು ತೋರಿಸಲು ವಿಲಿಯಂ ಥರ್ಸ್ಟನ್ ಎಂಬ ಗಣಿತಜ್ಞ ಕಾಗದದ ಪಟ್ಟಿಗಳನ್ನು ಅಂಟಿಸಿ ಮಾದರಿ ಮಾಡುವ ಉಪಾಯ ಕಂಡುಹಿಡಿದ. ಆದರೆ ಕಾಗದ ಹರಿಯುತ್ತಿತ್ತು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿದ್ದ, ಲಾಟ್ವಿಯ ದೇಶದ ಗಣಿತಜ್ಞೆ ಡೈನಾ ಟೈಮಿನಾ ಆ ಕಾಗದದ ಮಾದರಿಯನ್ನು ನೋಡಿದರು. ಅವರು ಬಾಲ್ಯದಿಂದಲೂ ಹೆಣಿಗೆ ಬಲ್ಲವರು. 1997ರಲ್ಲಿ ಅವರು ಕ್ರೋಶಾ ಕಡ್ಡಿಯನ್ನು ಕೈಗೆತ್ತಿಕೊಂಡರು. ನಿಯಮ ಬಹಳ ಸರಳ. ಇಷ್ಟು ಕುಣಿಕೆ ಹಾಕಿದ ಮೇಲೆ ಒಂದು ಕುಣಿಕೆಯನ್ನು ಹೆಚ್ಚಿಗೆ ಸೇರಿಸುವುದು. ಆ ಪ್ರಮಾಣವನ್ನು ಎಲ್ಲಿಯೂ ತಪ್ಪಿಸದಿರುವುದು. ಸಾಲು ಬೆಳೆದಂತೆ ಅಂಚು ಹಿಗ್ಗುತ್ತದೆ, ಹಿಗ್ಗಿದ್ದು ಸಪಾಟಾಗಿ ಮಲಗಲಾರದೆ ಕೋಸಿನ ಎಲೆಯ ಅಂಚಿನಂತೆ ನಿರಿನಿರಿಯಾಗುತ್ತದೆ. ಅದನ್ನು ಮಡಿಸಿದರೆ ಮಡಿಕೆಯ ಗೆರೆಯೇ ಸರಳರೇಖೆ. ಒಂದು ಗೆರೆಯ ಹೊರಗಿನ ಒಂದೇ ಬಿಂದುವಿನಿಂದ ಮೂರು ಮಡಿಕೆ ಮಡಿಸಿ ಬಣ್ಣದ ದಾರ ಹೊಲಿದರೆ, ಅವುಗಳಲ್ಲಿ ಯಾವುದೂ ಮೊದಲಿನ ಗೆರೆಯನ್ನು ಸಂಧಿಸದಿರುವುದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಿಳಿಯುತ್ತದೆ. ಇದನ್ನು ಕುರಿತು ಅವರು ಬರೆದ ಪುಸ್ತಕ 2009ರಲ್ಲಿ ಪ್ರಕಟವಾಯಿತು; ಅತಿ ವಿಚಿತ್ರ ಶೀರ್ಷಿಕೆಯ ಪುಸ್ತಕಕ್ಕೆ ಕೊಡುವ ವಿನೋದದ ಬಹುಮಾನವೂ, 2012ರಲ್ಲಿ ಗಣಿತಲೋಕದ ಗಂಭೀರವಾದ ಆಯ್ಲರ್ ಪುಸ್ತಕ ಬಹುಮಾನವೂ ಅದಕ್ಕೆ ದೊರೆತವು. ಒಂದೇ ಕೃತಿಗೆ ನಗೆಯೂ ಗೌರವವೂ ಸಂದದ್ದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಗೀಳಿನವರ ಪಾಲಿಗೆ ಯಾವಾಗಲೂ ಈ ಎರಡೂ ಬರುತ್ತವೆ.

ಅಡುಗೆಮನೆಯ ಪಕ್ಕದಲ್ಲಿ ಕುಳಿತು ಹೆಣೆಯುವ ಹೆಂಗಸಿಗೂ ಗಣಿತಕ್ಕೂ ಎತ್ತಣ ಸಂಬಂಧ ಎಂದು ಯಾರಾದರೂ ಕೇಳಿದರೆ, ಸಂಬಂಧ ಹಳೆಯದು ಎಂದೇ ಉತ್ತರಿಸಬೇಕಾಗುತ್ತದೆ. ನೇಯ್ಗೆಯವರು ಬಲ್ಲ ಜಕಾರ್ಡ್ ಮಗ್ಗ 1804ರಲ್ಲಿ ಫ್ರಾನ್ಸಿನಲ್ಲಿ ಬಂದುದು. ತೂತು ಕೊರೆದ ರಟ್ಟುಗಳ ಸರಮಾಲೆಯೇ ಅದರಲ್ಲಿ ಯಾವ ಎಳೆ ಏಳಬೇಕು, ಯಾವ ಎಳೆ ಬೀಳಬೇಕೆಂಬ ಅಪ್ಪಣೆಯನ್ನು ಕೊಡುತ್ತದೆ. ಸುಮಾರು 24,000 ರಟ್ಟುಗಳನ್ನು ಬಳಸಿ ನೇಯ್ದ ಜಕಾರ್ಡನ ರೇಷ್ಮೆಯ ಭಾವಚಿತ್ರವೊಂದನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಮನೆಯಲ್ಲಿ ಅತಿಥಿಗಳಿಗೆ ತೋರಿಸಿ ಸಂತೋಷಪಡುತ್ತಿದ್ದ. ತಾನು ಕಲ್ಪಿಸಿದ ಗಣಕಯಂತ್ರಕ್ಕೆ ಆ ರಟ್ಟುಗಳನ್ನೇ ಅವನು ಎರವಲು ಪಡೆದ. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ಅಪೊಲೊ ನೌಕೆಯ ಕಂಪ್ಯೂಟರಿನ ಸ್ಥಿರವಾದ ನೆನಪನ್ನಂತೂ ಅಕ್ಷರಶಃ ನೇಯಲಾಗಿತ್ತು. ಅಮೆರಿಕದ ವಾಲ್ತಮ್ ಎಂಬ ಊರಿನ ರೇಥಿಯನ್ ಕಾರ್ಖಾನೆಯಲ್ಲಿ ನುರಿತ ಹೆಂಗಸರು ಪುಟ್ಟ ಕಾಂತದ ಬಳೆಗಳ ನಡುವೆ ತಂತಿಯನ್ನು ಪೋಣಿಸುತ್ತಿದ್ದರು. ತಂತಿ ಬಳೆಯ ಒಳಗೆ ಹಾದರೆ ಒಂದು, ಹೊರಗೆ ಹಾದರೆ ಸೊನ್ನೆ.

ನಮ್ಮ ನಾಡಿಗೇ ಬರೋಣ. ಧಾರವಾಡದ ಕಡೆಯ ಕಸೂತಿಯನ್ನು ತಾವು ಬಲ್ಲಿರಿ. ಅದರಲ್ಲಿ ಗವಂತಿ ಎಂಬ ಹೊಲಿಗೆಗೆ ಗಂಟಿಲ್ಲ, ಬಟ್ಟೆಯ ಮೇಲೆ ಮೊದಲೇ ಗೀಚಿಕೊಳ್ಳುವ ನಕ್ಷೆಯೂ ಇಲ್ಲ. ಇರುವುದು ಎಳೆಗಳ ಎಣಿಕೆ ಮಾತ್ರ. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಹಿಂತಿರುಗುವಾಗ ಬಿಟ್ಟ ತೆರಪುಗಳನ್ನು ತುಂಬುತ್ತ, ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಬಟ್ಟೆಯ ಎರಡು ಮಗ್ಗುಲಲ್ಲಿಯೂ ಚಿತ್ರ ಒಂದೇ. ಪ್ರತಿಯೊಂದು ಗೆರೆಯ ಮೇಲೂ ಎರಡು ಸಲ ನಡೆಯುವುದಾದರೆ, ಬಿಡಿಬಿಡಿಯಾಗದೆ ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ ಒಂದೇ ಪಯಣದಲ್ಲಿ ಮುಗಿಸಿ ಮನೆಗೆ ಮರಳಬಹುದೆಂಬುದು ಗಣಿತದಲ್ಲಿ ಸಾಧಿತವಾದ ಮಾತು. ಇಳಕಲ್ ಸೀರೆಯ ಮೇಲೆ ತೇರು, ಗೋಪುರ, ಆನೆ, ತುಳಸಿಕಟ್ಟೆಗಳನ್ನು ಮೂಡಿಸಿದ ತಾಯಂದಿರು ಅದನ್ನು ಪ್ರಮೇಯವೆಂದು ಬರೆದಿಡಲಿಲ್ಲ; ಉಟ್ಟು ನಡೆದರು. ಕಣ್ತುಂಬ ನೋಡಿದ ತೇರನ್ನು ಮೈತುಂಬ ಉಟ್ಟುಕೊಳ್ಳುವ ಆಸೆಗೂ, ಮೆಚ್ಚಿದ ಕಥಾನಾಯಕನ ಮಫ್ಲರನ್ನು ಕೊರಳಿಗೆ ಸುತ್ತಿಕೊಳ್ಳುವ ಆಸೆಗೂ ಜಾತಿಭೇದವನ್ನು ನಾನು ಕಾಣೆ.

ಇನ್ನು ಮನೆಯೊಳಗಿನ ಒಂದು ನಿದರ್ಶನ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವ ನನ್ನ ತಮ್ಮನ ಮಗಳು ಕಪ್ಪು ಬಿಳಿ ಉಲ್ಲನ್ನಿನಲ್ಲಿ ತಾನೇ ಹೆಣೆದ ಮಫ್ಲರೊಂದನ್ನು ತೊಟ್ಟು ಬಂದಳು. “ದೊಡ್ಡಪ್ಪ, ಇದನ್ನು ಓದಿ ನೋಡಿ” ಎಂದಳು. ಓದಲು ಅಲ್ಲಿ ಅಕ್ಷರವೆಲ್ಲಿತ್ತು? ಆಕೆ ವಿವರಿಸಿದಳು. ಕಂಪ್ಯೂಟರಿನಲ್ಲಿ ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಯೂನಿಕೋಡ್ ಎಂಬ ಏರ್ಪಾಡಿನ ಪ್ರಕಾರ ಒಂದೊಂದು ಸಂಖ್ಯೆಯುಂಟು. ಕನ್ನಡದ ‘ಅ’ಕಾರದ ಸಂಖ್ಯೆ 3205. ಅದನ್ನು ಸೊನ್ನೆ ಮತ್ತು ಒಂದುಗಳಲ್ಲಿ 16 ಮನೆಗಳಾಗಿ ಬರೆದು, ಸೊನ್ನೆಗೆ ಕಪ್ಪು ಕುಣಿಕೆ, ಒಂದಕ್ಕೆ ಬಿಳಿಯ ಕುಣಿಕೆ ಹಾಕಿ, ಸಾಲಿಗೊಂದು ಅಕ್ಷರದಂತೆ ನಮ್ಮ ವರ್ಣಮಾಲೆಯನ್ನು ಅವಳು ಹೆಣೆದಿದ್ದಳು. ಐದನೆಯ, ಆರನೆಯ ಮತ್ತು ಒಂಬತ್ತನೆಯ ಮನೆಗಳಲ್ಲಿ ಮೇಲಿಂದ ಕೆಳಗಿನವರೆಗೆ ಮೂರು ಬಿಳಿಯ ಗೆರೆಗಳು ಎಲ್ಲಿಯೂ ತುಂಡಾಗದೆ ಇಳಿದಿದ್ದವು. ಕನ್ನಡದ ಅಕ್ಷರಗಳೆಲ್ಲಕ್ಕೂ ಆ ಮೂರು ಮನೆಗಳಲ್ಲಿ ಒಂದೇ ಇರುವುದರಿಂದ ಹಾಗಾಯಿತು.

“ಆ ಒಂಬತ್ತನೆಯ ಬಿಳಿ ಕುಣಿಕೆಯನ್ನು ಕಪ್ಪು ಮಾಡಿದರೆ ಏನಾಗುತ್ತದೆ ಹೇಳಿ?” ಎಂದು ಕೇಳಿದಳು. ನಾನು ಸುಮ್ಮನಿದ್ದೆ. “ತೆಲುಗಿನ ‘ಅ’ ಆಗುತ್ತದೆ, ದೊಡ್ಡಪ್ಪ. ಅದರ ಸಂಖ್ಯೆ 3077.”

ಕೇಳುಗರೆ, ಕನ್ನಡ ತೆಲುಗು ಲಿಪಿಗಳು ಒಂದೇ ಬಸಿರಿನವೆಂದು ನಾನು ಮೂರು ದಶಕಗಳ ಕಾಲ ತರಗತಿಯಲ್ಲಿ ಹೇಳಿದ್ದೇನೆ. ಅವೆರಡರ ಅಕಾರಗಳ ನಡುವೆ ಉಲ್ಲನ್ನಿನ ಒಂದೇ ಒಂದು ಕುಣಿಕೆಯ ಅಂತರವಿರುವುದನ್ನು ಒಬ್ಬ ಹುಡುಗಿಯ ಕೊರಳಿನಲ್ಲಿ ಕಂಡೆ. ಅವಳೆಂದ ಮತ್ತೊಂದು ಮಾತು ಇನ್ನೂ ಮುಖ್ಯ. ಆ ಸಂಖ್ಯೆಗಳೊಡನೆ ಅವಳು ಕಚೇರಿಯಲ್ಲಿ ವರ್ಷಗಟ್ಟಲೆ ವ್ಯವಹರಿಸಿದ್ದರೂ, ಮೂರು ಬಿಳಿಯ ಗೆರೆಗಳು ಅವಳಿಗೆ ಕಂಡದ್ದು ಹೆಣೆಯಲು ಕುಳಿತ ಮೇಲೆಯೇ. ಅಂಗಡಿಯಲ್ಲಿ ಅಕ್ಷರ ಅಚ್ಚಾದ ಅಂಗಿ ಸಿಗುತ್ತದೆ. ಈ ಅರಿವು ಸಿಗುವುದಿಲ್ಲ.

ಅಂಗಡಿಯ ಮಾತು ಬಂದುದರಿಂದ, ಇಲ್ಲಿರುವ ಒಂದು ನಿಜವಾದ ತೊಡಕನ್ನೂ ಹೇಳಬೇಕು. ಅಮೆರಿಕದಲ್ಲಿ 2002ರಲ್ಲಿ ‘ಫೈರ್‌ಫ್ಲೈ’ ಎಂಬ ಅಂತರಿಕ್ಷಯಾನದ ಧಾರಾವಾಹಿ ಪ್ರಸಾರವಾಯಿತು, ಬಹುಬೇಗ ನಿಂತೂ ಹೋಯಿತು. ಅದರಲ್ಲಿ ಜೇನ್ ಎಂಬ ಒರಟು ಕೂಲಿಸೈನಿಕನಿಗೆ ಅವನ ತಾಯಿ ತನ್ನ ಕೈಯಾರೆ ಹೆಣೆದ, ಕಿವಿ ಮುಚ್ಚುವ, ಕಿತ್ತಳೆ ಹಳದಿ ಬಣ್ಣದ ಟೋಪಿಯನ್ನು ಕಳುಹಿಸುತ್ತಾಳೆ. ನೋಡಲು ಅಂದವಲ್ಲದ ಅದನ್ನು ಅವನು ಹೆಮ್ಮೆಯಿಂದ ಧರಿಸುತ್ತಾನೆ. ಅಭಿಮಾನಿಗಳು ಅದನ್ನು ಹೆಣೆದರು, ಹಂಚಿದರು, ಕೆಲವರು ಮಾರಿದರು. ಒಂದು ಸಂಸ್ಥೆ ಆ ಟೋಪಿಯನ್ನು ತಯಾರಿಸುವ ಪರವಾನಗಿ ಪಡೆದ ಬಳಿಕ, 2013ರಲ್ಲಿ, ಹಕ್ಕುದಾರರಾದ ಫಾಕ್ಸ್ ಸಂಸ್ಥೆಯಿಂದ ಕೈಹೆಣಿಗೆಯ ಮಾರಾಟಗಾರರಿಗೆ ನಿಲ್ಲಿಸಿರೆಂಬ ನೋಟೀಸುಗಳು ಹೋದವು. ಅಭಿಮಾನಿಗಳು ಸಿಡಿದೆದ್ದರು. ಪರವಾನಗಿಯ ಟೋಪಿಯನ್ನು ಮಾರುತ್ತಿದ್ದ ಥಿಂಕ್‌ಗೀಕ್ ಎಂಬ ಅಂಗಡಿಯು ಅದರ ಲಾಭವನ್ನು ಅಭಿಮಾನಿಗಳ ದತ್ತಿಕಾರ್ಯಕ್ಕೆ ಕೊಡುವುದಾಗಿ ಸಾರಬೇಕಾಯಿತು.

ಕೃತಿಕಾರನ ಹಕ್ಕನ್ನು ನಾನು ಅಲ್ಲಗಳೆಯುವವನಲ್ಲ. ಬರೆದವನ ಅನ್ನವನ್ನು ಕಸಿದು ಸಾವಿರಗಟ್ಟಲೆ ನಕಲು ಮಾರುವುದು ನ್ಯಾಯವಲ್ಲ. ಆದರೆ ಆ ಟೋಪಿಗೆ ಕಥೆಯಲ್ಲಿರುವ ಅರ್ಥವೇನು? ಅದು ಅಂಗಡಿಯದಲ್ಲ, ತಾಯಿಯ ಕೈಯದು ಎಂಬುದೇ ಅದರ ಅರ್ಥ. ಕಾನೂನಿನ ಪ್ರಕಾರ ಯಾರದು ನಿಜವಾದ ಟೋಪಿಯೋ ಅದನ್ನು ನ್ಯಾಯಾಲಯ ಹೇಳಲಿ; ಕಥೆಯ ಪ್ರಕಾರ ನಿಜವಾದುದು ಕಾರ್ಖಾನೆಯಲ್ಲಿ ತಯಾರಾಗುವುದು ಸಾಧ್ಯವೇ ಇಲ್ಲ. ಗೀಳನ್ನು ಸರಕು ಮಾಡಿ ನಮಗೇ ಮಾರುವ ಈ ಕಾಲದಲ್ಲಿ ಕಾಯ್ದುಕೊಳ್ಳಬೇಕಾದ ವಿವೇಕವಿದು.

ವಚನಕಾರರ ಪರಂಪರೆಯಲ್ಲಿ ಜೇಡರ ದಾಸಿಮಯ್ಯ ನೇಯ್ಗೆಯ ಕಾಯಕದವನು. ಮಗ್ಗದ ಮುಂದೆ ಕುಳಿತವನಿಗೆ ತತ್ತ್ವವೇಕೆ ಎಂದು ನಮ್ಮ ಹಿರಿಯರು ಕೇಳಲಿಲ್ಲ. ಹಾಗೆಯೇ, ತತ್ತ್ವ ಬಲ್ಲವನಿಗೆ ಮಗ್ಗವೇಕೆಂದು ನಾವೂ ಕೇಳಬಾರದು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ನಿಮಗೆ ಅರ್ಥವಾಗದ ಚಿತ್ರವೊಂದನ್ನು ತಾನೇ ಹೊಲಿದ ಚೀಲದ ಮೇಲೆ, ತಾನೇ ಹೆಣೆದ ಟೋಪಿಯ ಮೇಲೆ ಹೊತ್ತು ಹೊರಟರೆ ನಗಬೇಡಿರಿ. ಅಥವಾ ನಕ್ಕರೂ, ನಕ್ಕ ಮೇಲೆ “ಇದೇನು, ಸ್ವಲ್ಪ ಓದಿ ಹೇಳು” ಎಂದು ಕೇಳಿರಿ. ಬಲ್ಲವರು ಹೇಳುತ್ತಾರೆ, ಕೇಳಲು ಬಾಳುವಂಥದ್ದನ್ನೇ ಹೇಳುತ್ತಾರೆ.