ಬರೆದದ್ದಕ್ಕೆ ಸರಿಯಾದ ಪತ್ರಿಕೆ ಯಾವುದು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಥೆ, ಕವಿತೆ ಬರೆಯುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಬರೆದದ್ದನ್ನು ಎಲ್ಲಿಗೆ ಕಳಿಸಬೇಕು ಎನ್ನುವಲ್ಲಿ ಮಾತ್ರ ಗೊಂದಲ. ಹೆಸರು ಕೇಳಿದ ಯಾವುದೋ ಪತ್ರಿಕೆಗೆ ಕಳಿಸುತ್ತಾರೆ, ಉತ್ತರ ಬರುವುದಿಲ್ಲ, ಬೇಸತ್ತು ಬರೆಯುವುದನ್ನೇ ಬಿಡುತ್ತಾರೆ. ಇದೇ ನೆಲದ ಹಿರಿಯರು ತಮ್ಮ ಬರಹಕ್ಕೆ ಜಾಗ ಹೇಗೆ ಹುಡುಕಿಕೊಂಡರು ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು.

1956ರ ಕರ್ನಾಟಕ ಏಕೀಕರಣಕ್ಕಿಂತ ಮುಂಚೆ ಈ ಸೀಮೆಯ ಬಹುಭಾಗ ಮುಂಬೈ ಆಡಳಿತದಲ್ಲಿತ್ತು. ರಾಯಬಾಗದಂಥ ಊರು ಬಹುಕಾಲ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಸುತ್ತ ಮರಾಠಿಯದೇ ಪ್ರಭಾವ. ಕನ್ನಡದಲ್ಲಿ ಬರೆಯುವವರು ಧಾರವಾಡದ ಕಡೆ ಮುಖ ಮಾಡಬೇಕಿತ್ತು. ಅಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ 1896ರಲ್ಲಿ ‘ವಾಗ್ಭೂಷಣ’ ಪತ್ರಿಕೆ ಹೊರಡಿಸಿತು. 1922ರಲ್ಲಿ ಆಲೂರ ವೆಂಕಟರಾಯರ ‘ಜಯ ಕರ್ನಾಟಕ’ ಬಂತು. ಕನ್ನಡಿಗರನ್ನು ಎಚ್ಚರಿಸುವುದೇ ಆ ಪತ್ರಿಕೆಗಳ ದೊಡ್ಡ ಕಾಳಜಿಯಾಗಿತ್ತು. ಅದನ್ನು ಬಲ್ಲವರು ಅದಕ್ಕೆ ಒಪ್ಪುವ ಲೇಖನ ಕಳಿಸುತ್ತಿದ್ದರು.

ಒಪ್ಪುವ ಪತ್ರಿಕೆ ಇಲ್ಲದಿದ್ದರೆ? ಅಥಣಿಗೆ ಆಚೆ ಮಗ್ಗುಲಿನ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನೇ ಶುರು ಮಾಡಿದರು. ವಚನಗಳ ಬಗ್ಗೆ ಬರೆಯುವವರಿಗೆ ಅದೊಂದು ನೆಲೆಯಾಯಿತು. ಗೋಕಾಕ ತಾಲೂಕಿನ ಬೆಟಗೇರಿ ಕೃಷ್ಣಶರ್ಮರು, ಅಂದರೆ ನಮ್ಮ ಆನಂದಕಂದರು, 1938ರಲ್ಲಿ ‘ಜಯಂತಿ’ ಆರಂಭಿಸಿದರು. ಹಳ್ಳಿಯ ಮಾತಿನ ಸೊಗಸನ್ನು ತಮ್ಮ ಕವಿತೆಗೆ ತಂದುಕೊಂಡವರು ಅವರು. ಅಂಥವರು ಸಂಪಾದಕರ ಕುರ್ಚಿಯಲ್ಲಿ ಕೂತರೆ ನಮ್ಮ ಕಡೆಯ ಬರಹಗಾರನಿಗೆ ಎಷ್ಟು ಧೈರ್ಯ ಬಂದೀತು, ಯೋಚಿಸಿ. ಪತ್ರಿಕೆ ಆರಿಸುವುದೆಂದರೆ ಅದರ ಸಂಪಾದಕರ ಕಿವಿಯನ್ನು ಆರಿಸುವುದು ಎಂದು ನಾನು ನಂಬಿದ್ದೇನೆ.

ನಮ್ಮ ಐದು ತಾಲೂಕುಗಳಿಂದಲೇ ಇಬ್ಬರನ್ನು ನೆನೆಯುತ್ತೇನೆ, ಒಬ್ಬರದು ಕಾದಂಬರಿ, ಇನ್ನೊಬ್ಬರದು ಸಂಶೋಧನೆ. ಈಗ ಕಾಗವಾಡ ತಾಲೂಕಿನಲ್ಲಿರುವ ಶೇಡಬಾಳದ ಮಿರ್ಜಿ ಅಣ್ಣಾರಾಯರು ಶಾಲಾ ಶಿಕ್ಷಕರಾಗಿದ್ದರು. ‘ನಿಸರ್ಗ’ ಕಾದಂಬರಿಯಲ್ಲಿ ಈ ಭಾಗದ ಜೈನ ಒಕ್ಕಲು ಮನೆತನಗಳ ಬದುಕನ್ನು ಬರೆದರು. ಇನ್ನೊಬ್ಬರು ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತ, ಅರ್ಧಮಾಗಧಿ ಕಲಿಸಿದವರು. 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಯಾಪನೀಯ ಎಂಬ ಜೈನ ಪಂಥದ ಬಗ್ಗೆ ಅವರ ಅಧ್ಯಯನ ಬಹಳ ಹೆಸರಾದದ್ದು. ಆ ಪಂಥದ ಕೊನೆಗಾಲದ ಕುರುಹುಗಳಲ್ಲಿ ಒಂದು, 14ನೆಯ ಶತಮಾನದ ಶಾಸನ, ಇದೇ ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿದೆ. ಇಂಥ ವಿಷಯವನ್ನು ವಾರಪತ್ರಿಕೆಗೆ ಕೊಟ್ಟರೆ ಅಡಿಟಿಪ್ಪಣಿ ಎಲ್ಲಿ ಹಾಕಬೇಕು? ಉಪಾಧ್ಯೆಯವರು ವಿಶ್ವವಿದ್ಯಾಲಯಗಳ, ಪುಣೆಯ ಭಾಂಡಾರಕರ ಸಂಸ್ಥೆಯ ಸಂಶೋಧನಾ ಪತ್ರಿಕೆಗಳಿಗೆ ಬರೆದರು. ಓದುಗರು ಕೆಲವೇ ಮಂದಿ ಇರಬಹುದು, ಆದರೆ ಬೇಕಾದವರೇ ಓದಿದರು.

ನಿಪ್ಪಾಣಿಯವರಿಗೆ ಇನ್ನೊಂದು ಬಾಗಿಲೂ ತೆರೆದಿತ್ತು. ಮರಾಠಿಯಲ್ಲಿ 1909ರಲ್ಲಿ ‘ಮನೋರಂಜನ’ ಪತ್ರಿಕೆ ದೀಪಾವಳಿ ಅಂಕ ತಂದ ಮೇಲೆ ಆ ಪದ್ಧತಿ ಹಬ್ಬದ ಫರಾಳದ ಹಾಗೆ ಮನೆಮನೆಗೂ ಬಂತು. ನಿಪ್ಪಾಣಿಯ ಮಹಾದೇವ ಮೋರೆಯವರು ಹಿಟ್ಟಿನ ಗಿರಣಿ ನಡೆಸುತ್ತಲೇ ದುಡಿಯುವ ಜನರ ಬಗ್ಗೆ ಮರಾಠಿಯಲ್ಲಿ ಕಥೆ ಬರೆದರು. ಗಡಿಯಲ್ಲಿ ಹುಟ್ಟಿದವರಿಗೆ ಎರಡು ಭಾಷೆಯ ಪತ್ರಿಕೆಗಳನ್ನು ಓದುವ ಭಾಗ್ಯವಿದೆ. ಅದನ್ನು ಹಾಳುಮಾಡಿಕೊಳ್ಳಬಾರದು.

ಇತ್ತ ಕನ್ನಡದಲ್ಲಿ ಏಕೀಕರಣದ ವರ್ಷವೇ ಹುಬ್ಬಳ್ಳಿಯಿಂದ ‘ಕಸ್ತೂರಿ’ ಪತ್ರಿಕೆ ಬಂತು. 1964ರಲ್ಲಿ ಧಾರವಾಡದ ಮೂವರು ತರುಣರು, ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ ‘ಸಂಕ್ರಮಣ’ ತಂದರು. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’ ಬೆಂಗಳೂರಿನಿಂದ ಹೊರಟವು. ಆಗ ಬರಹಗಾರರು ಹಾಳೆಯ ಒಂದೇ ಮಗ್ಗುಲಿಗೆ ಬರೆದು, ತಿರುಗಿ ಕಳಿಸಲು ಅಂಚೆಚೀಟಿ ಹಚ್ಚಿದ ಲಕೋಟೆ ಇಟ್ಟು, ಪೋಸ್ಟಮನ್ ದಾರಿ ಕಾಯುತ್ತಿದ್ದರು. ಈಗ ಇ-ಮೇಲ್ ಸಾಕು, ಯೂನಿಕೋಡ್ ಅಕ್ಷರದಲ್ಲಿ ಕಳಿಸಿದರೆ ಓದುವವರಿಗೆ ಅನುಕೂಲ.

ಓದದೇ ಇರುವ ಪತ್ರಿಕೆಗೆ ಏನನ್ನೂ ಕಳಿಸಬೇಡಿ. ತಾಲೂಕಿನ ಗ್ರಂಥಾಲಯಕ್ಕೆ ಹೋಗಿ ಒಂದು ಪತ್ರಿಕೆಯ ಹಳೆಯ ಸಂಚಿಕೆಗಳ ಕಟ್ಟು ಕೇಳಿ. ಕಥೆ ಎಷ್ಟು ಪುಟ ಓಡಿದೆ ನೋಡಿ. ನಾಲ್ಕು ಪುಟ ಕೊಡುವ ಕಡೆಗೆ ಹದಿನೈದು ಪುಟದ ಕಥೆ ಕಳಿಸಿದರೆ ಅದು ಎಷ್ಟು ಚೆನ್ನಾಗಿದ್ದರೂ ಉಳಿಯುವುದು ಕಷ್ಟ. ಪಾತ್ರಗಳು ‘ಹೋಗೂಣು’, ‘ಬಂದಾರ’ ಎನ್ನುವುದನ್ನು ಹಾಗೇ ಅಚ್ಚು ಮಾಡಿದ್ದಾರೋ, ತಿದ್ದಿದ್ದಾರೋ ಗಮನಿಸಿ. ಹೊಸಬರ ಹೆಸರು ಕಾಣಿಸುತ್ತದೋ, ಅದೇ ಐದಾರು ಜನ ಬರೆಯುತ್ತಾರೋ ನೋಡಿ. ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆ ಇದ್ದರೆ ಹಬ್ಬಕ್ಕೆ ಬಹಳ ಮುಂಚೆಯೇ ಪ್ರಕಟಣೆ ಬರುತ್ತದೆ, ಅದರ ಪದಮಿತಿಯನ್ನು ಪಾಲಿಸಿ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬೇಡಿ. ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಂಡು ಮುಂದಿನ ಕಥೆಗೆ ಕೂತುಬಿಡಿ.

ತಂಬಾಕಿನ ವಖಾರಿಯ ಹೆಣ್ಣುಮಕ್ಕಳ ಬಗ್ಗೆ, ಕಬ್ಬು ಕಡಿಯುವ ಗ್ಯಾಂಗುಗಳ ಬಗ್ಗೆ, ಕೃಷ್ಣೆ ಉಕ್ಕಿದಾಗ ದನಕರು ಹೊಡಕೊಂಡು ಊರು ಬಿಟ್ಟವರ ಬಗ್ಗೆ ನೀವೇ ಬರೆಯಬೇಕು. ಅದನ್ನು ಓದಬೇಕೆಂದು ಕಾದಿರುವವರಲ್ಲಿ ನಾನೂ ಒಬ್ಬ.