ಕೈಗಾರಿಕಾ ಶಾಂತಿ
(ನಂಜನಗೂಡಿನ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಂಜನಗೂಡಿನ ಸುತ್ತಲೂ, ತಾಂಡ್ಯ ಹಿಮ್ಮಾವುಗಳಲ್ಲಿಯೂ, ಹೊಲಗಳಿದ್ದೆಡೆ ಇಂದು ಕಾರ್ಖಾನೆಗಳೆದ್ದಿವೆ. ತಿರುಮಕೂಡಲು ನರಸೀಪುರದ ಕಡೆಯ ಹಳ್ಳಿಗಳ ಮಕ್ಕಳೂ ಇಲ್ಲಿ ದುಡಿಯುತ್ತಾರೆ. ಆದುದರಿಂದ ಕೈಗಾರಿಕಾ ಶಾಂತಿಯೆಂಬುದು ಒಡೆಯರ ಲಾಭದ ಮಾತು ಮಾತ್ರವಲ್ಲ; ಈ ಎರಡು ತಾಲ್ಲೂಕುಗಳ ಅನ್ನದ ಮಾತು.

ಶಾಂತಿಯೆಂದರೇನು? ಕೂಲಿಕಾರನು ಬಾಯಿ ಮುಚ್ಚಿಕೊಂಡಿರುವುದೇ ಶಾಂತಿಯೆಂದು ಕೆಲವರು ಬಗೆದಿದ್ದಾರೆ. ಅದು ಶಾಂತಿಯಲ್ಲ, ಭಯ. ನಮ್ಮ ವಕೀಲಿ ವೃತ್ತಿಯಲ್ಲಿ ಕಂಡ ವ್ಯಾಜ್ಯವೊಂದನ್ನು ಅರಿಕೆ ಮಾಡುತ್ತೇವೆ. ಎರಡು ದಿನಗಳ ಹೆಚ್ಚುವರಿ ದುಡಿಮೆಯ ಕೂಲಿ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಕೇಳಿದಾತನನ್ನು ಅವಿಧೇಯನೆಂದು ಹೊರಹಾಕಿದರು. ಜೊತೆಯವರು ಕೆಲಸ ನಿಲ್ಲಿಸಿದರು. ವರ್ಷಗಟ್ಟಲೆ ಹೋರಾಡಿ ನಾವು ಗೆದ್ದೆವು. ಅಷ್ಟರಲ್ಲಿ ಆ ಕಾರ್ಖಾನೆಗೆ ಬೀಗ ಬಿದ್ದಿತ್ತು. ತೀರ್ಪಿನ ನಕಲನ್ನು ಹಿಡಿದು ಆತನು, “ಸ್ವಾಮಿ, ಇದನ್ನು ಯಾವ ಬಾಗಿಲಲ್ಲಿ ಕೊಡಲಿ?” ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ.

1918ರ ಅಹಮದಾಬಾದನ್ನು ನೆನೆಯಿರಿ. ಪ್ಲೇಗಿನ ಕಾಲದ ಬೋನಸ್ ನಿಂತಾಗ ಗಿರಣಿಯ ಕಾರ್ಮಿಕರು ಕೂಲಿಯಲ್ಲಿ ನೂರಕ್ಕೆ 35ರ ಏರಿಕೆಯನ್ನು ಕೇಳಿದರು. ಮಾಲೀಕರು 20ಕ್ಕೆ ನಿಂತರು. ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ. ಕಾರ್ಮಿಕರ ಪಕ್ಕದಲ್ಲಿ ಅವರ ಸೋದರಿ ಅನಸೂಯಾಬೆನ್. ಗಾಂಧೀಜಿಯವರ ಉಪವಾಸದ ತರುವಾಯ ಎರಡು ಪಕ್ಷಗಳೂ ಮಧ್ಯಸ್ಥಿಕೆಗೆ ಒಪ್ಪಿದವು. ಮಧ್ಯಸ್ಥರಾದ ಆನಂದಶಂಕರ ಧ್ರುವರು 35ನ್ನೇ ಎತ್ತಿಹಿಡಿದರು. ಯಾರೂ ಯಾರಿಗೂ ಮಣಿಯಲಿಲ್ಲ. ಇಬ್ಬರೂ ನ್ಯಾಯಕ್ಕೆ ಮಣಿದರು.

ಇಂದು ಕಾನೂನೂ ಇದೇ ದಾರಿಯನ್ನು ತೋರಿಸುತ್ತದೆ. ನೂರು ಮಂದಿ ದುಡಿಯುವಲ್ಲಿ ಉಭಯರ ಕಾರ್ಯಸಮಿತಿಯಿರಬೇಕೆಂದು ಆಜ್ಞಾಪಿಸುವ ಅಧಿಕಾರವನ್ನು 1947ರ ಕಾಯಿದೆಯೇ ಸರ್ಕಾರಕ್ಕೆ ಕೊಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಅದನ್ನು ಉಳಿಸಿಕೊಂಡಿದೆ. 20 ಮಂದಿ ದುಡಿಯುವಲ್ಲಿ ಇಬ್ಬರಿಗೂ ಸಮಪಾಲಿರುವ ಕುಂದುಕೊರತೆ ನಿವಾರಣಾ ಸಮಿತಿಯನ್ನು ವಿಧಿಸಿದೆ. ನೋಟೀಸು ಕೊಟ್ಟ 14 ದಿನಗಳೊಳಗೆ ಮುಷ್ಕರವೂ ಕೂಡದು, ಬೀಗಮುದ್ರೆಯೂ ಕೂಡದು. ಕಾರ್ಮಿಕರ ಕೈಯನ್ನು ಇದು ಕಟ್ಟಿತೆಂದು ಹಲವು ಸಂಘಗಳು ಆಕ್ಷೇಪಿಸಿವೆ. ಆ ಸಂದೇಹವನ್ನು ಕಳೆಯುವ ಹೊಣೆ ಆಡಳಿತದವರದು. ಆ ದಿನಗಳನ್ನು ಪೊಲೀಸರನ್ನು ಕರೆಸುವುದಕ್ಕೆ ಬಳಸಿದರೆ ಸಂದೇಹವೇ ನಿಜವಾದೀತು. ಲೆಕ್ಕದ ಪುಸ್ತಕವನ್ನು ಮೇಜಿನ ಮೇಲಿಡುವುದಕ್ಕೆ ಬಳಸಿದರೆ ಮುಷ್ಕರವೇ ಬೇಕಾಗದಿರಬಹುದು.

ಅಧಿಕಾರಿಗಳೆ, ಸಮಿತಿಯನ್ನು ಕಾಗದದ ಮೇಲೆ ಮಲಗಿಸಬೇಡಿರಿ. ಗುತ್ತಿಗೆಯ ಆಳಿನ ದೂರನ್ನೂ ಕೇಳಿರಿ. ಕಾರ್ಮಿಕ ಬಂಧುಗಳೆ, ನೀವು ಕೊಟ್ಟ ಮಾತನ್ನು ಉಳಿಸಿಕೊಳ್ಳಿರಿ. ಯಂತ್ರದ ಮೇಲೆ ಕೋಪವನ್ನು ತೀರಿಸಬೇಡಿರಿ.

ನಂಜುಂಡೇಶ್ವರನ ದೊಡ್ಡ ತೇರನ್ನು ನೀವೆಲ್ಲರೂ ಕಂಡವರೇ. ಹಗ್ಗ ಹಿಡಿದವರು ಎಳೆಯುತ್ತಾರೆ; ಗಾಲಿಗೆ ಮರದ ತುಂಡು ಕೊಡುವವರು ದಾರಿ ತಿದ್ದುತ್ತಾರೆ. ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸದಿದ್ದರೆ ತೇರು ಬೀದಿಯ ಮನೆಗಳ ಮೇಲೆ ಹೋದೀತು. ಆ ಕೂಗನ್ನು ಕೇಳುವ ಕಿವಿ ನಮ್ಮ ಕಾರ್ಖಾನೆಗಳಿಗೂ ಬರಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.