ಕೌಂಟರಿನ ಆಚೆ ಕೂತವರು
(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನಾವು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವರು. ಹತ್ತನೇ ತರಗತಿಯ ಬೀಳ್ಕೊಡುಗೆಯ ದಿನ "ಮುಂದೆ ಏನಾಗುತ್ತೀ?" ಎಂದು ಕೇಳುತ್ತಿದ್ದೆವು. "ಡಾಕ್ಟರ್" ಎಂದವರ ಬೆನ್ನು ತಟ್ಟುತ್ತಿದ್ದೆವು. ಬೇರೆ ಉತ್ತರ ಕೊಟ್ಟವರಿಗೆ ನಮ್ಮ ಕೈ ಅಷ್ಟು ಬೇಗ ಏಳುತ್ತಿರಲಿಲ್ಲ. ಅದು ನಮ್ಮ ತಪ್ಪು. ಇಂದು ಅದನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಶಾಲೆಯ ಒಬ್ಬ ಹುಡುಗಿಗೆ ಮೆಡಿಕಲ್ ಸೀಟು ಸಿಗಲಿಲ್ಲ. ಆಕೆಯ ತಾಯಿ ಬಂದು ನಮ್ಮ ಮುಂದೆ ಅತ್ತರು. ನಾವು ಸಮಾಧಾನ ಹೇಳಿದೆವು, ದಾರಿ ಹೇಳಲಿಲ್ಲ, ನಮಗೂ ಗೊತ್ತಿರಲಿಲ್ಲ. ದಾರಿಯನ್ನು ಆಕೆಯೇ ಹುಡುಕಿಕೊಂಡಳು. ಪದವಿ ಮುಗಿಸಿ, ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಓದಿ, ಕೆಲಸಕ್ಕೆ ಸೇರಿದಳು.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಮನೆಯವರಿಗೆ ಎದೆನೋವು ಬಂತು. ಮೊದಲು ಹೋದ ಆಸ್ಪತ್ರೆಯಲ್ಲಿ ಮುಂಗಡ ಕಟ್ಟಿ ಎಂದರು. ಕೈಯಲ್ಲಿದ್ದ ಹಣ ಸಾಲಲಿಲ್ಲ. ನಲವತ್ತು ನಿಮಿಷ ಬೆಂಚಿನ ಮೇಲೆ ಕೂತೆವು. ಒಳಗೆ ಡಾಕ್ಟರೂ ಇದ್ದರು, ಔಷಧಿಯೂ ಇತ್ತು. ನಡುವೆ ಒಂದು ಗಾಜಿನ ಕಿಂಡಿ ಇತ್ತು. ಕೊನೆಗೆ ಆ ಹುಡುಗಿಯ ನೆನಪಾಗಿ ಫೋನ್ ಮಾಡಿದೆವು. ಅವಳ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಯಿತು, ಆಮೇಲೆ ಹೆಸರು ಬರೆದುಕೊಂಡರು. ಮನೆಯವರು ಬದುಕಿಕೊಂಡರು.

ಮರುದಿನ ಕೈಮುಗಿಯಲು ಹೋದರೆ ಆಕೆ ತಡೆದಳು. "ನೀವು ನನ್ನ ಮೇಷ್ಟ್ರು ಅಂತ ಮಾಡಿದ್ದಲ್ಲ ಸಾರ್. ಇಲ್ಲಿ ಎಲ್ಲರಿಗೂ ಇದೇ ಕ್ರಮ. ಪರಿಚಯ ಇದ್ದವರಿಗೆ ಮಾತ್ರ ಬಾಗಿಲು ತೆರೆದರೆ ನಾನು ಕೆಲಸ ಸರಿಯಾಗಿ ಮಾಡಿಲ್ಲ ಅಂತಾನೇ ಅರ್ಥ" ಎಂದಳು.

ಆ ದಿನ ಆಕೆ ನಮಗೆ ಪಾಠ ಹೇಳಿದಳು. ತುರ್ತು ರೋಗಿಯ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಆದರೆ ಆ ಮಾತು ರಾತ್ರಿ ಎರಡು ಗಂಟೆಗೆ ಕೌಂಟರಿನಲ್ಲಿ ಕೂತ ಹುಡುಗನಿಗೂ ತಿಳಿದಿರಬೇಕಲ್ಲ? ಅವನಿಗೆ ತಿಳಿಸುವುದು, ಅವನು ಹಾಗೆ ನಡೆದುಕೊಂಡಾಗ ಅವನ ಬೆನ್ನಿಗೆ ನಿಲ್ಲುವುದು ಆಡಳಿತಾಧಿಕಾರಿಯ ಕೆಲಸ.

ಆಕೆ ಮೊದಲು ಸೇರಿದ್ದ ಕಡೆ ಖರ್ಚಿನ ಅಂದಾಜನ್ನು ರೋಗಿಯ ಮನೆಯವರಿಗೆ ಮುಂಚಿತವಾಗಿ ಹೇಳಬೇಡ ಎಂದಿದ್ದರಂತೆ. ಒಪ್ಪದೆ ಕೆಲಸ ಬಿಟ್ಟು ಮೂರು ತಿಂಗಳು ಸಂಬಳವಿಲ್ಲದೆ ಮನೆಯಲ್ಲಿ ಕೂತಳು. ಈಗ ಪ್ರತಿ ಸಂಜೆ ವಾರ್ಡಿನಲ್ಲಿ ಅಂದಿನವರೆಗಿನ ಬಿಲ್ಲನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಬಿಡಿಸಿ ಹೇಳಿಸುತ್ತಾಳೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇದು ತಿಳಿಯದೆ ಒಡವೆ ಅಡವಿಟ್ಟವರನ್ನು ಆಕೆ ನೋಡಿದ್ದಾಳೆ. ಅದಕ್ಕೇ ಬಾಗಿಲ ಬಳಿ ಒಂದು ಮೇಜು ಹಾಕಿಸಿ ಒಬ್ಬರನ್ನು ಕೂರಿಸಿದ್ದಾಳೆ.

"ಎಲ್ಲರಿಗೂ ಉಚಿತ ಮಾಡೋಕಾಗಲ್ಲ ಸಾರ್. ನರ್ಸಿಗೆ ಸಂಬಳ, ಆಕ್ಸಿಜನ್, ಕರೆಂಟು ಎಲ್ಲಕ್ಕೂ ದುಡ್ಡು ಬೇಕು. ಇಲ್ಲ ಅನ್ನಬೇಕಾದ ದಿನ ರಾತ್ರಿ ನಿದ್ದೆ ಬರಲ್ಲ" ಎಂದೂ ಹೇಳಿದಳು. ಈ ಮಾತನ್ನು ದಾನಿಗಳು ಗಮನಿಸಬೇಕು.

ಫ್ಲಾರೆನ್ಸ್ ನೈಟಿಂಗೇಲ್ ಪಾಠವನ್ನು ನಾವು ಎಷ್ಟೋ ಸಲ ಮಾಡಿದ್ದೇವೆ. 1854ರಲ್ಲಿ 38 ದಾದಿಯರೊಂದಿಗೆ ಇಸ್ತಾಂಬುಲ್ ಬಳಿಯ ಸ್ಕುಟಾರಿ ಆಸ್ಪತ್ರೆಗೆ ಹೋದದ್ದು, ರಾತ್ರಿ ದೀಪ ಹಿಡಿದು ಓಡಾಡಿದ್ದು ಎಲ್ಲ ಹೇಳಿದೆವು. ಸತ್ತ ಸೈನಿಕರ ಲೆಕ್ಕವಿಟ್ಟು, ಗಾಯಕ್ಕಿಂತ ರೋಗದಿಂದಲೇ ಹೆಚ್ಚು ಜನ ಸತ್ತರೆಂದು ಅಂಕಿಗಳಿಂದ ಸರ್ಕಾರಕ್ಕೆ ತೋರಿಸಿಕೊಟ್ಟದ್ದನ್ನು ಹೇಳಲೇ ಇಲ್ಲ. ಸ್ವಚ್ಛ ನೀರು, ಗಾಳಿ, ಚರಂಡಿಗಾಗಿ ಆಕೆ ಹೋರಾಡಿದ್ದು ಆ ಲೆಕ್ಕವನ್ನು ಹಿಡಿದುಕೊಂಡೇ. ದೀಪದ ಕಥೆಯಷ್ಟೇ ಆ ಲೆಕ್ಕದ ಕಥೆಯೂ ಮಕ್ಕಳಿಗೆ ಬೇಕಿತ್ತು.

ತಾಯಿ-ತಂದೆಯರಲ್ಲಿ ಒಂದು ವಿನಂತಿ. ಸೀಟು ಸಿಗದ ಮಗುವನ್ನು ಸೋತವರಂತೆ ನೋಡಬೇಡಿ. ಆಸ್ಪತ್ರೆ ಆಡಳಿತ, ವೈದ್ಯಕೀಯ ದಾಖಲೆ, ಪ್ರಯೋಗಾಲಯ, ನರ್ಸಿಂಗ್, ಇವೆಲ್ಲಕ್ಕೂ ನಮ್ಮ ರಾಜ್ಯದಲ್ಲೇ ಕೋರ್ಸುಗಳಿವೆ. ಸೇರಿಸುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ದಾನಿಗಳಲ್ಲಿಯೂ ಒಂದು ಮಾತು: ಎಂಬಿಬಿಎಸ್ ಓದುವವರಿಗೆ ಕೊಡುವಷ್ಟೇ ಸಂತೋಷದಿಂದ ಈ ಮಕ್ಕಳಿಗೂ ಕೊಡಿ.

ಮಕ್ಕಳೆ, ಇನ್ನೊಬ್ಬರು ನಂಬಿ ನಮ್ಮ ಕೈಗಿಟ್ಟದ್ದನ್ನು ಹಿರಿಯರು ಅಮಾನತ್ ಎನ್ನುತ್ತಾರೆ. ಇಂದು ನೀವು ಪಡೆದ ಹಣ ಅಂಥದ್ದು. ನಾಳೆ ನಿಮ್ಮ ಕೌಂಟರಿನ ಮುಂದೆ ನಿಲ್ಲುವ ರೋಗಿಯೂ ಹಾಗೆಯೇ. ಅವನಿಗೆ ನಿಮ್ಮ ಪರಿಚಯ ಇರುವುದಿಲ್ಲ. ಆದರೂ ಬಾಗಿಲು ತೆರೆಯಿರಿ.